ಬೆಲ್ಲ ಆದರೆ ಅಡ್ಡಿಲ್ಲ ಎನ್ನುವವರಿಗೆ

ನಮ್ಮ ಶಿರಸಿ ಕಡೆ ಮನೆಯಲ್ಲಿ ಒಬ್ಬರಿಗೆ ಶುಗರ್ ಬಂತು ಅಂದರೆ ಮೊದಲು ಆಗುವ ಕೆಲಸ ಒಂದೇ. ಸಕ್ಕರೆ ಡಬ್ಬಿ ಮೇಲಿನ ನಾಗಂದಿಗೆಗೆ ಹೋಗುತ್ತದೆ, ಜೋನಿಬೆಲ್ಲದ (ನೀರುಬೆಲ್ಲದ) ಡಬ್ಬಿ ಒಲೆ ಪಕ್ಕಕ್ಕೆ ಬರುತ್ತದೆ. "ಬೆಲ್ಲ ಆದ್ರೆ ಅಡ್ಡಿಲ್ಲೆ" ಅಂತ ಒಂದು ಸಮಾಧಾನದ ಮಾತು. ಆಮೇಲೆ ಚಹಾಕ್ಕೆ ಎರಡು ಚಮಚ, ತೆಳ್ಳೇವಿಗೆ (ತೆಳು ದೋಸೆಗೆ) ಮೂರು ಚಮಚ ಯಾವ ಅಳುಕೂ ಇಲ್ಲದೆ ಬೀಳುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತ ಪರೀಕ್ಷೆಯ ಚೀಟಿ ಬಂದಾಗ ಮಾತ್ರ ಎಲ್ಲರ ಮುಖ ಸಣ್ಣದಾಗುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಎರಡೂ ಕಬ್ಬಿನ ಹಾಲಿನಿಂದಲೇ ಬಂದದ್ದು ಅಲ್ವಾ? 100 ಗ್ರಾಂ ಸಕ್ಕರೆಯಲ್ಲಿ 400ರ ಹತ್ತಿರ ಕ್ಯಾಲೊರಿ ಇದ್ದರೆ ಅಷ್ಟೇ ತೂಕದ ಅಚ್ಚುಬೆಲ್ಲದಲ್ಲಿ 380ರ ಆಸುಪಾಸು. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣದ ಅಂಶ, ಖನಿಜ ಇರುವುದು ನಿಜ. ಆದರೆ ಅದಕ್ಕಾಗಿಯೇ ಬೆಲ್ಲ ತಿನ್ನಲು ಹೊರಟರೆ ಲಾಭಕ್ಕಿಂತ ನಷ್ಟ ಜಾಸ್ತಿ. ಕಬ್ಬಿಣಕ್ಕೆ ಹರಿವೆ ಸೊಪ್ಪಿದೆ, ಹುರುಳಿ ಕಟ್ಟಿದೆ. ಜೋನಿಬೆಲ್ಲದಲ್ಲಿ ನೀರಿನ ಅಂಶ ಇದೆ, ಹಾಗಾಗಿ ಸಿಹಿ ಕಡಿಮೆ ಅಂತ ಕೆಲವರ ವಾದ. ಚಮಚ ಅದ್ದಿ ತೆಗೆದು ನೋಡಿ. ಗುಪ್ಪೆಯಾಗಿ, ಅಂಚಿನಿಂದ ಇಳಿಯುವಷ್ಟು ಬರುತ್ತದೆ. ಸಕ್ಕರೆಯ ಸಪಾಟು ಚಮಚಕ್ಕಿಂತ ಅದರಲ್ಲಿ ಸಿಹಿ ಏನೂ ಕಮ್ಮಿ ಇರುವುದಿಲ್ಲ.

ಹಾಗಂತ ಬೆಲ್ಲ ಬಿಡಿ ಅಂತ ನಾನು ಹೇಳುವುದಿಲ್ಲ. ಶುಗರ್ ಇಲ್ಲದವರು ರುಚಿಗಾಗಿ ಬೆಲ್ಲ ಬಳಸಲಿ. ಸಕ್ಕರೆಗೆ ಬರೀ ಸಿಹಿ, ಬೆಲ್ಲಕ್ಕೆ ಪರಿಮಳವೂ ಇದೆ. ಆ ಪರಿಮಳದಿಂದಾಗಿ ಸ್ವಲ್ಪ ಕಡಿಮೆ ಹಾಕಿದರೂ ನಾಲಿಗೆ ಒಪ್ಪುತ್ತದೆ. ಬೆಲ್ಲದ ನಿಜವಾದ ಉಪಕಾರ ಇಷ್ಟೇ, ಇದೂ ಸಣ್ಣದಲ್ಲ.

ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಅಂಗಡಿಯಲ್ಲಿ ಹಳದಿ ಹಳದಿಯಾಗಿ ಹೊಳೆಯುವ ಬೆಲ್ಲವನ್ನು ಹೆಚ್ಚಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪು ಮಾಡಿರುತ್ತಾರೆ. ಕಂದು ಬಣ್ಣದ್ದೇ ಒಳ್ಳೆಯದು. ನಮ್ಮ ಶಿರಸಿ, ಸಿದ್ದಾಪುರದ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಚೂರು ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವ ಕ್ರಮ ಇದೆ. ಪಾಕ ಗಟ್ಟಿಯಾಗುವ ಮೊದಲೇ ಇಳಿಸಿದರೆ ಅದೇ ಜೋನಿಬೆಲ್ಲ. ಚಳಿ ಮುಗಿಯುವ ಹೊತ್ತಿಗೆ ಆಲೆಮನೆಗೆ ಹೋಗಿ, ನೊರೆಬೆಲ್ಲ ನೆಕ್ಕಿ, ಕಣ್ಣೆದುರೇ ಡಬ್ಬಿ ತುಂಬಿಸಿಕೊಂಡು ಬರುವುದು ಎಲ್ಲಕ್ಕಿಂತ ಮೇಲು. ಹೋಗಲು ಆಗದವರು ಕೊಳ್ಳುವಾಗ ಡಬ್ಬಿ ಓರೆ ಮಾಡಿ ನೋಡಿ. ನೀರಿನ ಹಾಗೆ ಹರಿದರೆ ಪಾಕ ಸಾಲದು. ಅಂಥದ್ದು ಮಳೆಗಾಲದಲ್ಲಿ ನೊರೆ ಬಂದು ಹುಳಿಯಾಗುತ್ತದೆ. ಅಡಿಯಲ್ಲಿ ಹರಳು ಕಟ್ಟಿದ್ದರೆ ಹೆದರಬೇಡಿ, ಅದು ಕಲಬೆರಕೆ ಅಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಕರಗುತ್ತದೆ. ಒದ್ದೆ ಚಮಚ ಮಾತ್ರ ಯಾವ ಕಾರಣಕ್ಕೂ ಹಾಕಬಾರದು. ನಮ್ಮನೆಯಲ್ಲಿ ವರ್ಷದ ದೊಡ್ಡ ಡಬ್ಬಿ ಬೇರೆ, ದಿನದ ಸಣ್ಣ ಭರಣಿ ಬೇರೆ. ದೊಡ್ಡದನ್ನು ಮಕ್ಕಳ ಕೈಗೆ ಕೊಡುವುದಿಲ್ಲ.

ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದ ಹೊಸಬರು ಎಡವುವುದು ಹಾಲಿನಲ್ಲಿ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ಚಹಾ, ಕಷಾಯ ಯಾವುದೇ ಇರಲಿ, ಒಲೆಯಿಂದ ಇಳಿಸಿ, ಲೋಟಕ್ಕೆ ಬಗ್ಗಿಸಿ, ಆಮೇಲೆ ಬೆಲ್ಲ ಹಾಕಿ. ಶ್ಯಾವಿಗೆ ಪಾಯಸಕ್ಕಾದರೆ ಬೆಲ್ಲವನ್ನು ಬೇರೆ ಕರಗಿಸಿ, ಸೋಸಿ, ಆರಿಸಿ, ಪಾಯಸ ಉಗುರು ಬೆಚ್ಚಗಾದ ಮೇಲೆ ಸೇರಿಸಿ. ತೆಂಗಿನ ಹಾಲಿನ ಪಾಯಸಕ್ಕೆ ಈ ತಾಪತ್ರಯ ಇಲ್ಲ. ಆದರೆ ಕಡಲೆಬೇಳೆ, ಅಕ್ಕಿ ಪೂರ್ತಿ ಬೆಂದ ಮೇಲೇ ಬೆಲ್ಲ ಹಾಕಬೇಕು. ಮೊದಲೇ ಹಾಕಿದರೆ ಬೇಳೆ ಗಟ್ಟಿಯಾಗಿ ನಿಂತುಬಿಡುತ್ತದೆ, ಎಷ್ಟು ಸೌದೆ ಉರಿಸಿದರೂ ಅಷ್ಟೇ.

ಜೇನಿನ ಕತೆಯೂ ಬೆಲ್ಲದ ಹಾಗೇ. ಕಾಡಿನಿಂದ ಬಂದದ್ದು, ಔಷಧಕ್ಕೆ ಬಳಸುವುದು ಎಂದು ಶುಗರ್ ಇದ್ದವರು ದಿನಾ ಎರಡು ಚಮಚ ನೆಕ್ಕುತ್ತಾರೆ. ಅದೂ ಲೆಕ್ಕಕ್ಕೆ ಬರುವ ಸಿಹಿಯೇ. ನಮ್ಮ ತುಡುವೆ ಜೇನಿನಲ್ಲಿ ನೀರಿನ ಅಂಶ ಜಾಸ್ತಿ, ಮುಚ್ಚಳ ಸರಿಯಾಗಿ ಹಾಕದಿದ್ದರೆ ಹುಳಿ ಬರುತ್ತದೆ. ನೀರಿನ ಲೋಟಕ್ಕೆ ಒಂದು ಹನಿ ಬಿಟ್ಟು ಅಸಲಿಯೋ ನಕಲಿಯೋ ಹೇಳುವ ಪರೀಕ್ಷೆಯನ್ನು ನಂಬಬೇಡಿ, ಸಕ್ಕರೆ ಪಾಕವೂ ಅದರಲ್ಲಿ ಪಾಸಾಗುತ್ತದೆ. ಗೊತ್ತಿದ್ದವರ ಪೆಟ್ಟಿಗೆಯಿಂದ ತನ್ನಿ. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ: ಒಂದು ವರ್ಷ ತುಂಬದ ಕೂಸಿನ ಬಾಯಿಗೆ ಜೇನು ಹಚ್ಚಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಕೂಸಿನ ಹೊಟ್ಟೆಯಲ್ಲಿ ಬೆಳೆದು ವಿಷ ಮಾಡುತ್ತದೆ. ಹಿಂದಿನವರು ಹಚ್ಚುತ್ತಿದ್ದರು ಎಂದು ಜಗಳಕ್ಕೆ ಬರುವ ಹಿರಿಯರಿಗೆ ನನ್ನ ಹೆಸರು ಹೇಳಿ.

ತೆಂಗಿನ ಸಕ್ಕರೆ, ತಾಳೆಬೆಲ್ಲ ಅಂತ ಈಗ ಚಂದದ ಪೊಟ್ಟಣದಲ್ಲಿ ಬರುತ್ತವೆ. ರುಚಿ ಚೆನ್ನಾಗಿದೆ, ರೇಟು ವಿಪರೀತ, ಸಿಹಿ ಅದೇ ಸಿಹಿ.

ನನ್ನ ಮನಸ್ಸಿಗೆ ಹಿಡಿಸಿದ ಬದಲಿ ಅಂದರೆ ಹಣ್ಣು. ಹಣ್ಣಿನಲ್ಲಿ ನಾರು ಇರುವುದರಿಂದ ಸಿಹಿ ರಕ್ತಕ್ಕೆ ನಿಧಾನ ಇಳಿಯುತ್ತದೆ. ರಸ ಹಿಂಡಿ ಸೋಸಿದರೆ ಆ ಗುಣ ಹೋಯಿತು. ಕುಮಟಾ, ಕಾರವಾರದ ಹೋಟೆಲುಗಳಲ್ಲಿ ಸಿಗುವ ಬನ್ಸ್ ಮನೆಯಲ್ಲಿ ಮಾಡುವಾಗ ಸಿಪ್ಪೆ ಕಪ್ಪಾದ ಬಾಳೆಹಣ್ಣು ಬಳಸಿ, ಸಕ್ಕರೆ ಅರ್ಧ ಸಾಕು. ಒಂದು ಚಿಟಿಕೆ ಉಪ್ಪು, ಜೀರಿಗೆ ಬಿದ್ದರೆ ಕಡಿಮೆ ಆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಅದರ ರಸಾಯನಕ್ಕೆ ಬೆಲ್ಲ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೆಂಗಿನ ಹಾಲು, ಏಲಕ್ಕಿ, ಹಣ್ಣು, ಅಷ್ಟೇ ಸಾಕಲ್ಲ! ಚೆನ್ನಾಗಿ ಹಣ್ಣಾದ ಬಕ್ಕೆ ಹಲಸಿನ ಕಡುಬಿಗೂ ಬೆಲ್ಲ ಅರ್ಧಕ್ಕೆ ಇಳಿಸಬಹುದು. ಯಲ್ಲಾಪುರ ಕಡೆಯ ಸುಕೇಳಿ (ಒಣಗಿಸಿದ ಬಾಳೆಹಣ್ಣು) ಮಕ್ಕಳಿಗೆ ಚಾಕೊಲೇಟಿಗಿಂತ ಒಳ್ಳೆಯದು, ಆದರೆ ಒಣಗಿದ ಹಣ್ಣಿನಲ್ಲಿ ಸಿಹಿ ಒಟ್ಟಾಗಿರುತ್ತದೆ. ಶುಗರ್ ಇದ್ದವರು ಸುಕೇಳಿಯ ಮುಂದೆ ಕೂತು ಹರಟೆ ಹೊಡೆಯಬಾರದು.

ಈಗ ಸಕ್ಕರೆ ಬದಲಿಗೆ ಹಾಕುವ ಅಂಗಡಿಯ ಸಿಹಿ ಮಾತ್ರೆ, ಪುಡಿಗಳ ವಿಷಯ. ನಮ್ಮ ಮನೆಯವರಿಗೆ ಶುಗರ್ ಬಂದ ಮೇಲೆ ಸೊಸೆ ಒಂದೊಂದೇ ತಂದಳು, ನಾನು ಒಂದೊಂದೇ ಚಹಾಕ್ಕೆ ಹಾಕಿ ನೋಡಿದೆ. ಎಲ್ಲಕ್ಕಿಂತ ಹಳೆಯದು ಸ್ಯಾಕರಿನ್. 1879ರಲ್ಲಿ ಅಮೆರಿಕದಲ್ಲಿ ಫಾಲ್‌ಬರ್ಗ್ ಎಂಬ ರಸಾಯನ ಶಾಸ್ತ್ರಜ್ಞ ಕೆಲಸ ಮುಗಿಸಿ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತನಂತೆ, ತಿಂದದ್ದೆಲ್ಲ ಸಿಹಿಯಾಗಿತ್ತಂತೆ. ನಮ್ಮ ಮನೆಯಲ್ಲಾಗಿದ್ದರೆ ಬೈಗುಳ ತಿನ್ನುತ್ತಿದ್ದ. ಸಕ್ಕರೆಗಿಂತ ಮುನ್ನೂರು ಪಟ್ಟಿಗೂ ಹೆಚ್ಚು ಸಿಹಿ, ಆದರೆ ಕೊನೆಗೆ ನಾಲಿಗೆ ಮೇಲೆ ಕಹಿ ಉಳಿಯುತ್ತದೆ. ಆಸ್ಪರ್ಟೇಮ್ ರುಚಿ ಸಕ್ಕರೆಗೆ ಹತ್ತಿರ, ಆದರೆ ಒಲೆಯ ಮೇಲೆ ಕುದಿಸಿದರೆ ಸಿಹಿ ಮಾಯ. ಇಳಿಸಿದ ಮೇಲೇ ಹಾಕಬೇಕು. ಸುಕ್ರಲೋಸ್ ಕುದಿಯುವ ಹಾಲಿಗೆ ತಡೆಯುತ್ತದೆ, ಪಾಯಸಕ್ಕೆ ಆಗುತ್ತದೆ. ಅದನ್ನು ಓವನ್‌ಗೆ, ಕಾದ ಎಣ್ಣೆಗೆ ಒಯ್ಯಬೇಡಿ.

ಆಸ್ಪರ್ಟೇಮ್ ಬಗ್ಗೆ 2023ರಲ್ಲಿ ಗಾಬರಿ ಹಬ್ಬಿತ್ತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು ಎನ್ನುವ ಪಟ್ಟಿಗೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಡೆಯವರು ಸೇರಿಸಿದರು. ಅದೇ ಹೊತ್ತಿಗೆ ದಿನದ ಮಿತಿಯನ್ನು ಮಾತ್ರ ಬದಲಿಸಲಿಲ್ಲ: ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 2,400 ಮಿಲಿಗ್ರಾಂ ಆಯಿತು. ಚಹಾದ ಮಾತ್ರೆಯಲ್ಲಿ ಇರುವುದು ಇಪ್ಪತ್ತರ ಆಸುಪಾಸು. ದಿನಕ್ಕೆರಡು ಮಾತ್ರೆಗೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ. ಆದರೆ ಫಿನೈಲ್‌ಕೀಟೊನ್ಯೂರಿಯಾ ಎಂಬ ಹುಟ್ಟಿನ ತೊಂದರೆ ಇದ್ದವರು ಇದನ್ನು ಮುಟ್ಟಲೇಬಾರದು. ಮಕ್ಕಳಿಗೆ ಬೇಡ ಎಂದು ಪೊಟ್ಟಣದ ಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಓದುವಾಗಲೇ ಇನ್ನೊಂದು ಹೆಸರು ಹುಡುಕಿ: ಮಾಲ್ಟೊಡೆಕ್ಸ್ಟ್ರಿನ್. ಪುಡಿ ಚಮಚದಷ್ಟು ಕಾಣಲಿ ಎಂದು ಇದನ್ನು ತುಂಬಿಸುತ್ತಾರೆ. ಇದು ಪಿಷ್ಟದ ಜಾತಿ, ರಕ್ತದ ಸಕ್ಕರೆ ಏರಿಸುತ್ತದೆ. ಹೆಸರು ಮಾತ್ರ ಶುಗರ್ ಫ್ರೀ! ಎರಿಥ್ರಿಟಾಲ್ ಎಂಬ ಪುಡಿ ನೋಡಲು ಸಕ್ಕರೆಯ ಹಾಗೇ ಇರುತ್ತದೆ, ಬಾಯಲ್ಲಿ ಪೆಪ್ಪರ್‌ಮಿಂಟಿನ ಹಾಗೆ ತಂಪಾಗುತ್ತದೆ. ಜಾಸ್ತಿ ತಿಂದರೆ ಹೊಟ್ಟೆ ಗುಡುಗುಡು.

ಸಿಹಿ ಎಲೆಯ ಸ್ಟೀವಿಯಾ ಗಿಡವನ್ನು ಕುಂಡದಲ್ಲಿ ನೆಡಬಹುದು. ನಮ್ಮ ಮಳೆಗೆ ಬೇರು ಕೊಳೆಯುತ್ತದೆ, ಜೂನ್ ಬರುವ ಮೊದಲು ಜಗಲಿಗೆ ಎತ್ತಿಡಿ. ಎಲೆಗೆ ಅತಿಮಧುರದ ಹಾಗೆ ಒಂದು ವಾಸನೆ. ಹಾಲಿನ ಚಹಾಕ್ಕೆ ಹೊಂದುವುದಿಲ್ಲ. ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಹೊಂದುತ್ತದೆ, ಒಂದೇ ಎಲೆ ಹಾಕಿ. ಎರಡನೆಯದು ಬಿದ್ದರೆ ಕಹಿ.

ಈ ಯಾವ ಪುಡಿಯೂ ಮಾಡಲಾಗದ ಕೆಲಸ ಪಾಕ. ಎಳೆ ಪಾಕ, ಉಂಡೆ ಪಾಕ ಇದರಿಂದ ಬರುವುದಿಲ್ಲ. ತೊಡದೇವು ಎಂಬ ನಮ್ಮ ತೆಳು ಸಿಹಿತಿಂಡಿ ಗರಿಗರಿಯಾಗುವುದಿಲ್ಲ. ಹೋಳಿಗೆಯ ಹೂರಣ ಕೂಡಿಕೊಳ್ಳುವುದಿಲ್ಲ. ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ಮಾಡುವ ಪಾನಕ ಕೆಡದೆ ಉಳಿಯುವುದು ಸಕ್ಕರೆಯ ಬಲದಿಂದ. ಮಾತ್ರೆ ಪುಡಿ ಮಾಡಿ ಹಾಕಿದರೆ ವಾರದಲ್ಲಿ ಬೂಷ್ಟು. ಶುಗರ್ ಇದ್ದವರಿಗೆ ಮುರುಗಲನ್ನು ಉಪ್ಪು ಹಾಕಿ ಒಣಗಿಸಿಡಿ. ಬೇಕಾದಾಗ ನೆನೆಸಿ, ಜೀರಿಗೆ ಮೆಣಸು ಹಾಕಿ ಸಾರು ಮಾಡಿ, ಅಥವಾ ತೆಂಗಿನ ಹಾಲು ಸೇರಿಸಿ ಕುಡಿಯಿರಿ. ಸಿಹಿಯ ನೆನಪೂ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂತು. ದೊಡ್ಡವರಿಗೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಸಣ್ಣ ಚಮಚದೊಳಗೆ ಇದ್ದರೆ ಉತ್ತಮ. ಬೆಲ್ಲ, ಜೇನು, ಪಾನಕ ಎಲ್ಲ ಸೇರಿ. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಆಸರಿ, ಅಂದರೆ ಕುಡಿಯಲು ಏನಾದರೂ. ದಿನಕ್ಕೆ ನಾಲ್ಕು ಸಲ ಚಹಾ, ಎರಡೆರಡು ಚಮಚ ಅಂದರೆ ಊಟಕ್ಕೆ ಮೊದಲೇ ಎಂಟು ಆಯಿತು. ಹಾಗಂತ ತೂಕ ಇಳಿಸಲು ಮಾತ್ರೆಯ ಸಿಹಿಗೆ ಹೋಗಬೇಡಿ ಎಂದೂ ಅದೇ ಸಂಸ್ಥೆ 2023ರಲ್ಲಿ ಹೇಳಿತು. ಈಗಾಗಲೇ ಶುಗರ್ ಇದ್ದವರನ್ನು ಆ ಮಾತಿನಿಂದ ಹೊರಗಿಟ್ಟಿದೆ. ನನಗೆ ಸರಿ ಕಂಡದ್ದು ಹೀಗೆ: ವಾರಕ್ಕೆ ಕಾಲು ಚಮಚ ಇಳಿಸುತ್ತಾ ಹೋಗಿ, ಯಾರಿಗೂ ಹೇಳದೆ. ಚಹಾಕ್ಕೆ ಶುಂಠಿ ಏಲಕ್ಕಿ ಜಾಸ್ತಿ ಮಾಡಿ. ಹೇಳಿದರೆ ಮೊದಲ ದಿನವೇ "ಸಪ್ಪೆ" ಎಂಬ ದೂರು. ಹೇಳದಿದ್ದರೆ ಒಂದು ತಿಂಗಳಲ್ಲಿ ಎರಡರಿಂದ ಒಂದು ಚಮಚಕ್ಕೆ ಬಂದು ನಿಲ್ಲುತ್ತಾರೆ. ಆಮೇಲೆ ಬೇರೆಯವರ ಮನೆ ಚಹಾ ಕುಡಿದು ಅವರೇ "ಎಂತಾ ಸಿಹಿ ಮಾರಾಯ್ರೆ" ಅನ್ನುತ್ತಾರೆ.

ಚೌತಿಗೆ, ದೀಪಾವಳಿಗೆ ಶುಗರ್ ಇದ್ದವರಿಗೆ ಬೇರೆ ಪಾತ್ರೆಯಲ್ಲಿ ಪುಡಿ ಹಾಕಿದ ಪಾಯಸ ಮಾಡಿ ಕೊಡುವುದು ನನಗೆ ಇಷ್ಟವಿಲ್ಲ. ಪಂಕ್ತಿಯಲ್ಲಿ ಒಬ್ಬರನ್ನೇ ಬೇರೆ ಮಾಡಿದ ಹಾಗಾಗುತ್ತದೆ. ಎಲ್ಲರಿಗೂ ಅದೇ ಮೋದಕ, ಆದರೆ ಸಣ್ಣದು, ಕಾಯಿ ಎಳ್ಳು ಮುಂದೆ, ಬೆಲ್ಲ ಹಿಂದೆ. ಅವರಿಗೆ ಒಂದು ಬಡಿಸಿ, ಅನ್ನ ಒಂದು ಸೌಟು ಕಡಿಮೆ ಮಾಡಿ, ಪಲ್ಯ ಕೋಸಂಬರಿ ಹೆಚ್ಚು ಹಾಕಿ.

ಇಷ್ಟೆಲ್ಲ ಹೇಳಿದೆ ಎಂದು ಮನೆಯಲ್ಲಿರುವ ಸಕ್ಕರೆಯನ್ನೆಲ್ಲ ಖಾಲಿ ಮಾಡಬೇಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ, ತೋಟದಲ್ಲಿ ಮೈಮುರಿದು ಕೆಲಸ ಮಾಡಿದರೆ ರಕ್ತದ ಸಕ್ಕರೆ ಒಮ್ಮೆಲೇ ಕೆಳಗಿಳಿಯಬಹುದು. ಕೈ ನಡುಕ, ತಣ್ಣನೆ ಬೆವರು, ಕಣ್ಣು ಮಂಜು, ಅರ್ಥವಿಲ್ಲದ ಮಾತು. ಆಗ ಸ್ಟೀವಿಯಾ, ಸಿಹಿ ಮಾತ್ರೆ ಯಾವುದೂ ಕೆಲಸಕ್ಕೆ ಬಾರದು. ಮೂರರಿಂದ ನಾಲ್ಕು ಸಣ್ಣ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ನಮ್ಮ ಘಟ್ಟದ ಮೇಲಿನ ಒಂಟಿ ಮನೆಗಳಿಂದ ಆಸ್ಪತ್ರೆ ಹತ್ತಿರವೇನಿಲ್ಲ. ಅದಕ್ಕೇ ಒಂದು ಸಣ್ಣ ಡಬ್ಬಿ ಸಕ್ಕರೆಯನ್ನು ಎಲ್ಲರ ಕೈಗೆ ಎಟಕುವ ಕಡೆ ಇಡಿ, ಇನ್ನೊಂದು ಪೊಟ್ಟಣ ತೋಟಕ್ಕೆ ಹೋಗುವ ಚೀಲದಲ್ಲಿ. ಇರುವೆ ಬರದ ಹಾಗೆ ಎರಡು ಲವಂಗ ಹಾಕಿಡಿ.