ಸಲ್ಕಾಟಾ ಮರಿಗೆ ಬೆಚ್ಚಗಿನ, ತೇವದ ಗೂಡು ಕಟ್ಟುವುದು ಹೇಗೆ?

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಸಾಹೇಲ್ ಪ್ರದೇಶದ ಸಲ್ಕಾಟಾ ಆಮೆ ಒಣನೆಲದ ಪ್ರಾಣಿ. ಆದ್ದರಿಂದ ಅದರ ಮರಿಗೂ ಒಣ ಹವೆಯೇ ಒಗ್ಗುತ್ತದೆ ಎಂಬ ನಂಬಿಕೆ ಸಾಕುವವರಲ್ಲಿ ಬಹುಕಾಲ ಇತ್ತು. ಆದರೆ ಆ ನಾಡಿನಲ್ಲಿ ಮರಿಗಳು ಮಣ್ಣಿನಿಂದ ಹೊರಬರುವುದು ಮಳೆಗಾಲದ ಆಸುಪಾಸಿನಲ್ಲಿ. ದೊಡ್ಡ ಆಮೆಗಳು ಕೂಡ ಬಿರುಬಿಸಿಲಿನ ಹೊತ್ತನ್ನು ತಾವೇ ತೋಡಿದ ಬಿಲದ ತೇವದಲ್ಲಿ ಕಳೆಯುತ್ತವೆ. ಒಣಗಿದ ಕೋಣೆಯಲ್ಲಿ ಬೆಳೆದ ಮರಿಯ ಚಿಪ್ಪಿನ ಒಂದೊಂದು ಫಲಕವೂ ಪಿರಮಿಡ್ಡಿನಂತೆ ಮೇಲೆದ್ದು, ಆ ಉಬ್ಬು ಜೀವನಪೂರ್ತಿ ಉಳಿದುಬಿಡುತ್ತದೆ. ಹೆಚ್ಚು ಪ್ರೋಟೀನ್ ತಿನ್ನಿಸುವುದೇ ಇದಕ್ಕೆ ಕಾರಣವೆಂದು ಹೇಳುತ್ತಿದ್ದರು. 50 ಸಲ್ಕಾಟಾ ಮರಿಗಳ ಮೇಲೆ ಆಸ್ಟ್ರಿಯಾದ ಸಂಶೋಧಕರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ರೋಟೀನಿಗಿಂತ ಗಾಳಿಯ ತೇವಾಂಶದ ಕೊರತೆಯೇ ಇದರಲ್ಲಿ ಮುಖ್ಯವೆಂದು ತೋರಿಸಿತು.

ಗೂಡಿನ ಕೆಲಸಕ್ಕೆ ಮೊದಲು ಕಾನೂನಿನ ಮಾತು. ಕೋಲಾರದ ಕಡೆಯ ಕುರುಚಲು ಕಾಡುಗಳಲ್ಲಿರುವ ನಮ್ಮ ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಪ್ರಾಣಿ. ಅದನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ಹೀಗಾಗಿ ಈ ಲೇಖನ ಮುಖ್ಯವಾಗಿ ಅಮೆರಿಕದಂಥ ದೇಶಗಳಲ್ಲಿ, ಸಾಕಣೆಯಲ್ಲೇ ಹುಟ್ಟಿದ ಸಲ್ಕಾಟಾ ಮರಿಯನ್ನು ಕಾನೂನುಬದ್ಧವಾಗಿ ತಂದುಕೊಂಡಿರುವ ಕನ್ನಡಿಗರಿಗಾಗಿ.

ಮೊದಲ ಕೆಲಸ ಪೆಟ್ಟಿಗೆಯದು. ಒಂದು ಮರಿಗೆ ಸುಮಾರು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ, ಮೇಲ್ಭಾಗವೂ ಮುಚ್ಚಿರುವ ಪೆಟ್ಟಿಗೆ ಬೇಕು. ಎದುರಿಗೆ ಜಾರುವ ಗಾಜಿನ ಬಾಗಿಲಿದ್ದರೆ ಅನುಕೂಲ. ಮೇಲ್ಭಾಗ ತೆರೆದ ತೊಟ್ಟಿಯಲ್ಲಿ ದಿನಕ್ಕೆ ಎಷ್ಟು ಸಲ ನೀರು ಚಿಮುಕಿಸಿದರೂ ಬಿಸಿ ಗಾಳಿಯ ಜೊತೆ ತೇವವೂ ಮೇಲೇರಿ ಹೋಗುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಅಮೆರಿಕದ ಮನೆಗಳಲ್ಲಂತೂ ಅದನ್ನು ಹಿಡಿದಿಡುವುದು ಆಗದ ಮಾತು. ಪ್ಲೈವುಡ್‌ನಿಂದ ಮಾಡಿಸುವುದಾದರೆ ಒಳಮೈಗೆ ನೀರು ಹೀರದಂತೆ ಎಪಾಕ್ಸಿ ಬಳಿದು, ವಾಸನೆ ಪೂರ್ತಿ ಹೋಗುವ ತನಕ ಖಾಲಿ ಬಿಡಬೇಕು.

ಎರಡನೆಯದು ಶಾಖ. ಇಲ್ಲಿ ಎಚ್ಚರ ತಪ್ಪಿದರೆ ಉಳಿದ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಬೆಚ್ಚಗಿನ ತೇವ ಮರಿಯನ್ನು ಬೆಳೆಸುತ್ತದೆ, ತಣ್ಣಗಿನ ತೇವ ಅದರ ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ರಾತ್ರಿಯಲ್ಲೂ ಗೂಡಿನ ಯಾವ ಮೂಲೆಯೂ 26 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಬಾರದು. ಇದಕ್ಕೆ ಬೆಳಕು ಬೀರದ ಸೆರಾಮಿಕ್ ಹೀಟರನ್ನು, ಶಾಖವನ್ನು ಗೊತ್ತುಮಾಡಿದ ಮಟ್ಟದಲ್ಲೇ ಇಡುವ ಥರ್ಮೋಸ್ಟಾಟ್‌ಗೆ ಜೋಡಿಸಿ ಹಾಕಬೇಕು. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಹಗಲು ಒಂದು ತುದಿಯಲ್ಲಿ ಮರಿ ಮೈಕಾಯಿಸಿಕೊಳ್ಳಲು 35ರಿಂದ 38 ಡಿಗ್ರಿಯ ತಾಣ ಬೇಕು. ಬೆಳಕನ್ನು ಒಂದೇ ಬಿಂದುವಿಗೆ ಚುಚ್ಚುವ ಸ್ಪಾಟ್ ಬಲ್ಬು ಚಿಪ್ಪನ್ನು ಒಣಗಿಸುವುದರಿಂದ, ಅಗಲವಾಗಿ ಹರಡುವ ಫ್ಲಡ್ ಬಲ್ಬನ್ನೇ ಆರಿಸಿಕೊಳ್ಳಿ. ಮೂಳೆ ಗಟ್ಟಿಯಾಗಲು, ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಬೀರುವ ಯುವಿಬಿ ಟ್ಯೂಬ್‌ಲೈಟ್ ಕೂಡ ಬೇಕು. ಅದು ಗೂಡಿನ ಒಳಗೇ ಇರಲಿ, ಏಕೆಂದರೆ ಗಾಜು ಆ ಕಿರಣಗಳನ್ನು ತಡೆಯುತ್ತದೆ.

ನೆಲಕ್ಕೆ ಹಾಸಲು ಆರ್ಕಿಡ್ ಗಿಡಗಳಿಗೆ ಬಳಸುವ ಫರ್ ಮರದ ಸಣ್ಣ ತೊಗಟೆಚೂರು ಉತ್ತಮ. 3–4 ಅಂಗುಲ ದಪ್ಪಕ್ಕೆ ಹರಡಿ, ಉಗುರುಬೆಚ್ಚಗಿನ ನೀರನ್ನು ಮೂಲೆಗಳಿಂದ ನಿಧಾನವಾಗಿ ಸುರಿದರೆ, ಅಡಿಯ ಪದರ ನೀರು ಹಿಡಿದುಕೊಂಡು ಮೇಲ್ಪದರ ನಡೆಯಲು ಹದವಾಗಿರುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕೂಡ ನಡೆಯುತ್ತದೆ. ಅದನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಮರಳು ಬೇಡ, ಊಟದ ಜೊತೆ ಹೊಟ್ಟೆ ಸೇರಿ ಕರುಳು ಕಟ್ಟುತ್ತದೆ. ಸೀಡರ್ ಮರದ ಹೊಟ್ಟು ಬೇಡವೇ ಬೇಡ. ಹೀಗೆ ಸಜ್ಜಾದ ಗೂಡಿನಲ್ಲಿ ತೇವಾಂಶ ಶೇ 80ರ ಆಸುಪಾಸಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಳೆಯಲು ಮರಿ ಓಡಾಡುವ ಮಟ್ಟದಲ್ಲೇ ಡಿಜಿಟಲ್ ಮಾಪಕವನ್ನಿಡಿ.

ಇನ್ನು ಗಿಡಗಳು. ಅವು ಬರೀ ಚೆಂದಕ್ಕಲ್ಲ: ಮರಿಯಾಮೆ ಬಯಲಿನಲ್ಲಿ ಹೆದರಿ ಕೂರುತ್ತದೆ, ಎಲೆಯ ಮರೆಯಿದ್ದರೆ ಧೈರ್ಯವಾಗಿ ಓಡಾಡಿ ಮೇಯುತ್ತದೆ. ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್, ಎಳೆಯ ದಾಸವಾಳ, ಮುಳ್ಳಿಲ್ಲದ ಪಾಪಾಸುಕಳ್ಳಿ – ಇವನ್ನು ಮರಿ ಕಚ್ಚಿ ತಿಂದರೂ ಭಯವಿಲ್ಲ. ಕಣಗಿಲೆ ವಿಷ. ಡೈಫೆನ್‌ಬೇಕಿಯಾ, ಮನಿಪ್ಲಾಂಟ್ ಎರಡೂ ಕೆಸುವಿನ ಕುಟುಂಬದವು. ಸರಿಯಾಗಿ ಬೇಯದ ಕೆಸು ತಿಂದು ಗಂಟಲು ತುರಿಸಿಕೊಂಡವರಿಗೆ ಅವುಗಳ ಆಕ್ಸಲೇಟ್ ಹರಳುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇವನ್ನು ಇಡುವವರಿದ್ದಾರೆ, ನನ್ನ ಪ್ರಕಾರ ಇಡದಿರುವುದೇ ಮೇಲು. ನರ್ಸರಿಯ ಗಿಡಗಳಿಗೆ ಕೀಟನಾಶಕ ಹಾಕಿರುವುದೇ ಹೆಚ್ಚು, ಅದು ಎಲೆಯೊಳಗೂ ಸೇರಿರುತ್ತದೆ. ಆದ್ದರಿಂದ ತಂದ ಕೂಡಲೇ ಬೇರಿನ ಮಣ್ಣು ತೊಳೆದು, ಗೊಬ್ಬರದ ಹರಳುಗಳಿಲ್ಲದ ಹೊಸ ಮಣ್ಣಿಗೆ ನೆಟ್ಟು, ಕೆಲವು ತಿಂಗಳು ಹೊರಗೇ ಬೆಳೆಸಿ, ಹೊಸ ಎಲೆ ಬಂದ ಮೇಲೆ ಗೂಡಿಗೆ ತನ್ನಿ. ಕುಂಡದ ಅಂಚು ಹಾಸಿನ ಮಟ್ಟಕ್ಕೆ ಬರುವಂತೆ ಹೂತಿಟ್ಟರೆ, ಮೇಯ್ದು ಬೋಳಾದ ಗಿಡವನ್ನು ಕುಂಡಸಮೇತ ಎತ್ತಿ ಇನ್ನೊಂದನ್ನು ಇಡುವುದು ಸುಲಭ.

ಕುಡಿಯಲು, ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆಯನ್ನು ಹಾಸಿನಲ್ಲಿ ಹುದುಗಿಸಿ ತೆಳುವಾಗಿ ನೀರು ತುಂಬಿ. ಕಡಿದಾದ ಅಂಚಿನ ಬಟ್ಟಲಲ್ಲಿ ಮರಿ ಮಗುಚಿ ಬಿದ್ದು ಮುಳುಗುವ ಅಪಾಯವಿದೆ. ಇದರ ಜೊತೆಗೆ ಮೊದಲ ವರ್ಷ ದಿನವೂ 15–20 ನಿಮಿಷ, ಕತ್ತು ಮುಳುಗದಷ್ಟು ಬೆಚ್ಚನೆಯ ನೀರಿನಲ್ಲಿ ಮರಿಯನ್ನು ಬಿಡಬೇಕು. ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ, ಆಮೆಗಳಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡುತ್ತದೆ.

ಜೊತೆಗಿರಲೆಂದು ಎರಡು ಮರಿಗಳನ್ನು ಒಂದೇ ಗೂಡಿನಲ್ಲಿ ಬಿಡಬೇಡಿ. ಒಂದು ಇನ್ನೊಂದನ್ನು ಸದಾ ಹಿಂಬಾಲಿಸಿ, ಮೇವಿನ ಮೇಲೆ ಕೂತು, ಹಣಿದುಬಿಡುತ್ತದೆ. ಬೆಳೆದ ಸಲ್ಕಾಟಾ 45 ಕಿಲೋ ಮೀರಬಹುದು, ಬಲವಾದ ಬೇಲಿಯಿರುವ ಅಂಗಳ ಅದಕ್ಕೆ ಬೇಕು. ಅಷ್ಟು ಜಾಗ ಮುಂದೆಯೂ ಆಗದ ಮನೆಯವರು ಗೂಡು ಕಟ್ಟುವ ಮೊದಲೇ ಬೇರೆ ಸಣ್ಣ ಪ್ರಭೇದವನ್ನು ಯೋಚಿಸುವುದು ಒಳ್ಳೆಯದು.