ಹರ್ನಿಯಾ ಆಪರೇಷನ್ ಆದ ಮೇಲೆ ಬಸ್ಸು ಹತ್ತುವುದು ಯಾವಾಗ?

ಡಾಕ್ಟ್ರು ಹೇಳಿದ್ದು "ಒಂದು ವಾರ". ಎಂಟನೇ ದಿನ ಬೆಳಿಗ್ಗೆ ನಾನು ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಹಾಜರು. ಕೆಲಸ ಮಂಗಳೂರು ಬಂದರಿನ ಒಂದು ದಿನಸಿ ಅಂಗಡಿಯಲ್ಲಿ, ಲೆಕ್ಕ ಬರೆಯುವುದು. ಕೂತು ಮಾಡುವುದಕ್ಕೆ ಎಂತ ಕಷ್ಟ ಅಂತ ಹೊರಟೆ. ಸೀಟು ಸಿಗಲಿಲ್ಲ. ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಮೇಲಿನ ಕಂಬಿ ಹಿಡಿದು ಹೊಟ್ಟೆ ಬಿಗಿ ಮಾಡಬೇಕು. ತೊಡೆಸಂದಿಯಲ್ಲಿ ಯಾರೋ ದಾರ ಹಾಕಿ ಎಳೆದ ಹಾಗೆ. ಮುಲ್ಕಿಯಲ್ಲಿ ಇಳಿದು ವಾಪಸ್ ಬಂದೆ.

ಡಾಕ್ಟ್ರದ್ದು ತಪ್ಪಲ್ಲ ಮಾರಾಯ್ರೆ. "ಕೆಲಸ ಎಂತ?" ಅಂತ ಕೇಳಿದ್ದರು, "ಕೂತು ಬರೆಯುವುದು" ಅಂದಿದ್ದೆ. ದಿನಕ್ಕೆ ಮೂರು ಗಂಟೆಯ ಬಸ್ಸಿನ ಸಂಗತಿ ಬಾಯಿಬಿಡಲಿಲ್ಲ. ಡಿಸ್ಚಾರ್ಜಿಗೆ ಮೊದಲು ನಿಮ್ಮ ಇಡೀ ದಿನ ಹೇಳಿ: ಎಷ್ಟು ಮೆಟ್ಟಿಲು, ಎಷ್ಟು ದೂರ, ನಿಂತುಕೊಂಡೋ ಕೂತುಕೊಂಡೋ, ಮನೆಯಲ್ಲಿ ಬಾವಿಯಿಂದ ನೀರು ಸೇದುವವರು ಯಾರು.

ನನ್ನದು ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್; ಒಳಗೆ ಮೆಶ್, ಅಂದರೆ ಬಲೆಯಂಥ ತೇಪೆ, ಇಟ್ಟದ್ದು. ಮರುದಿನವೇ ಮನೆಗೆ. ಮೊದಲೆರಡು ದಿನ ಗಾಯಕ್ಕಿಂತ ಭುಜ ನೋಯಿತು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸಿನ ಉಪದ್ರವಂತೆ, ತಾನಾಗಿ ಹೋಯಿತು. ಕೆಳಗೆ ಸ್ವಲ್ಪ ನೀಲಿಗಟ್ಟಿ ಊದಿದ್ದು ನೋಡಿ ಹೆದರಿದ್ದೆ, ಅದೂ ಮಾಮೂಲಂತೆ. ಕೆಮ್ಮು ಬಂದರೆ ತಲೆದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಏಳುವಾಗ ನೇರ ಏಳಬೇಡಿ, ಪಕ್ಕಕ್ಕೆ ಹೊರಳಿ ಕೈ ಊರಿ ಏಳಿ. ನೋವಿನ ಮಾತ್ರೆಯಲ್ಲಿ ಕೆಲವು ಮಲ ಕಟ್ಟಿಸುತ್ತವೆ, ತಿಣುಕಿದರೆ ಗಾಯಕ್ಕೇ ಭಾರ. ಕುಚ್ಚಲಕ್ಕಿ ಗಂಜಿ ಒಂದೇ ಸಾಲದು. ಬಸಳೆ, ಪಪ್ಪಾಯಿ, ನೀರು ಬೇಕು. ಆಗದಿದ್ದರೆ ಡಾಕ್ಟ್ರ ಹತ್ತಿರ ಔಷಧಿ ಕೇಳಿ, ನಾಚಿಕೆ ಎಂತದ್ದು?

ಯಾರೂ ಹೇಳದ ವಿಷಯ ಪ್ಯಾಂಟಿನದ್ದು. ಹೊಕ್ಕುಳಿನ ಹತ್ತಿರದ ತೂತಿನ ಮೇಲೇ ಬೆಲ್ಟು ಬಂದು ಕೂರುತ್ತದೆ. ಮನೆಯಲ್ಲಿ ಲುಂಗಿ ಇತ್ತು, ಸುಖ. ಕೆಲಸಕ್ಕೆ ಒಂದು ಸೈಜ್ ದೊಡ್ಡ ಪ್ಯಾಂಟು ತೆಗೆದುಕೊಂಡೆ.

ನಡೆಯುವುದು ಮೊದಲ ದಿನದಿಂದಲೇ ಬೇಕು, ಆದರೆ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಅಲ್ಲ. ಕೂತು ಮಾಡುವ ಕೆಲಸಕ್ಕೆ ಒಂದರಿಂದ ಎರಡು ವಾರ ಹಿಡಿಯಿರಿ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಕೊಡಪಾನ ಎತ್ತುವವರಿಗೆ ನಾಲ್ಕರಿಂದ ಆರು ವಾರ, ಅದೂ ಡಾಕ್ಟ್ರು ನೋಡಿದ ಮೇಲೆ. ಸ್ಕೂಟರ್ ಬಿಡುವ ಮೊದಲು ನಿಲ್ಲಿಸಿದಲ್ಲೇ ಕೂತು ಬ್ರೇಕ್ ಗಟ್ಟಿ ಒತ್ತಿ, ಕಾಲು ಊರಿ ನೋಡಿ. ಮುಖ ಕಿವುಚಿದರೆ ಇನ್ನೂ ಸಮಯ ಆಗಿಲ್ಲ.

ಜ್ವರ, ಗಾಯದಲ್ಲಿ ಕೀವು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ದಿನೇದಿನೇ ಹೆಚ್ಚುವ ನೋವು: ಇದಕ್ಕೆಲ್ಲ ಮರುದಿನಕ್ಕೆ ಕಾಯಬೇಡಿ.

ರಜೆಯ ಚೀಟಿ ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದು ಕಂತು ಸರಿಯಾಗಿ ಕಟ್ಟಿದ್ದರೆ ದಿನಗೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಧಣಿಗಳಿಗೆ ಹೇಳುವಾಗ ಒಂದು ವಾರ ಜಾಸ್ತಿಯೇ ಹೇಳಿ; ಬೇಗ ಹೋದರೆ ಅವರಿಗೆ ಖುಷಿ, ತಡವಾದರೆ ನಿಮಗೆ ಬೈಗುಳ ಇಲ್ಲ.

ನಾನು ಮತ್ತೆ ಹೋದದ್ದು ಹದಿನೆಂಟನೇ ದಿನ, ಮೊದಲ ವಾರ ಮಧ್ಯಾಹ್ನದವರೆಗೆ ಮಾತ್ರ. ಬೆಳಿಗ್ಗೆ ಒಂದು ಬಸ್ಸು ಬಿಟ್ಟು ಮುಂದಿನದ್ದಕ್ಕೆ ಕಾದೆ. ಕಂಡಕ್ಟರ್ "ರೈಟ್ ಪೋಯಿ" ಅನ್ನುವಾಗ ನಡುವಿನ ಸೀಟಿನಲ್ಲಿ ಕೂತಾಗಿತ್ತು. ಹಿಂದಿನ ಚಕ್ರದ ಮೇಲಿನ ಸೀಟು ಖಾಲಿ ಇದ್ದರೂ ಬೇಡ, ಪಡುಬಿದ್ರಿ ಮುಟ್ಟುವುದರೊಳಗೆ ಗೊತ್ತಾಗುತ್ತದೆ.