ತುಂಬೆ ಗಿಡ ಕೀಳಬೇಡಿ, ಬೀಜ ತನ್ನಿ

ಶಿವರಾತ್ರಿ ಹತ್ತಿರ ಬಂದರೆ ಸಾಕು, ನಮ್ಮ ಓಣಿಯ ಹುಡುಗಿಯರು ತುಂಬೆ ಹೂವಿಗಾಗಿ ಬಳ್ಳಾರಿ ಪೂರ್ತಿ ಸುತ್ತುತ್ತಾರೆ. ಯಾವುದೋ ಹೊಲದ ಬದುವಿನಲ್ಲಿ ಅರ್ಧ ಒಣಗಿ ನಿಂತ ಗಿಡವನ್ನು ಬೇರುಸಮೇತ ಕಿತ್ತು ತಂದು ಕುಂಡದಲ್ಲಿ ನೆಡುತ್ತಾರೆ. ತಂಬಿಗೆಗಟ್ಟಲೆ ನೀರು ಸುರಿಯುತ್ತಾರೆ. ಆಮೇಲೆ ಬಾಡಿತು ಅಂತ ನನ್ನ ಹತ್ತಿರ ಬರುತ್ತಾರೆ. ಬಾಡದೆ ಇನ್ನೇನು ಮಾಡುತ್ತೆ? ಹೂ ಬಿಟ್ಟು ಮುಗಿಸಿ ಹೋಗೋ ಗಿಡ ಅದು.

ಮಳೆ ಬಿದ್ದ ಮೇಲೆ ತುಂಬೆ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಸಂಡೂರು ಗುಡ್ಡದ ಕುರುಚಲು ಕಾಡಿನ ಅಂಚಿನಲ್ಲೂ ಇದೆ. ಗುರುತು ಸಿಗದಿದ್ದರೆ ದಂಟನ್ನು ಬೆರಳಲ್ಲಿ ಉರುಳಿಸಿ ನೋಡಿ, ನಾಲ್ಕು ಅಂಚು ಕೈಗೆ ತಗಲುತ್ತವೆ. ತುಳಸಿ, ಪುದೀನಾ, ದೊಡ್ಡಪತ್ರೆಯ ಬಳಗವೇ ಇದು. ಬಿಳಿ ಹೂವಿಗೆ ಕೆಳತುಟಿ ಅಗಲ, ಪುಟ್ಟ ಮೇಲ್ತುಟಿಯ ಮೇಲೆ ನವಿರು ರೋಮ. ಶಾಲೆಗೆ ಹೋಗುವಾಗ ನಾವು ಹೂ ಕಿತ್ತು ಬುಡದ ಜೇನು ಚೀಪುತ್ತಿದ್ದೆವು. ಈಗ ಹತ್ತಿ, ಮೆಣಸಿನ ಹೊಲದ ಬದುವಿನ ತುಂಬೆಯನ್ನು ಮಕ್ಕಳ ಬಾಯಿಗೆ ಕೊಡಬೇಡಿ. ಅಲ್ಲಿ ಕ್ರಿಮಿನಾಶಕ ಹೊಡೆದಿರುತ್ತಾರೆ.

ಬೀಜ ತೆಗೆಯೋದರಲ್ಲೇ ಎಲ್ಲಾ ಇದೆ. ದಂಟಿನ ಸುತ್ತ ಹೂ ಗುಂಪಾಗಿ ಬಿಡುವ ಗಂಟು ಇದೆಯಲ್ಲ, ಹೂ ಉದುರಿ ಅದು ಕಂದು ಬಣ್ಣಕ್ಕೆ ತಿರುಗಲಿ. ಬಿಸಿಲೇರಿದ ಮೇಲೆ ಮುಟ್ಟಬೇಡಿ, ತಗುಲಿದರೆ ಬೀಜ ನೆಲಕ್ಕೆ ಸುರಿಯುತ್ತದೆ. ಬೆಳಿಗ್ಗೆ ತಂಪಿನಲ್ಲೇ ಹೋಗಿ, ಎಡಗೈಯನ್ನು ಗಂಟಿನ ಕೆಳಗೆ ಬೊಗಸೆ ಹಿಡಿದು ದಂಟು ಕತ್ತರಿಸಿ. ಹಳೆ ಪಂಚೆ ತುಂಡಿನಲ್ಲಿ ತಲೆಕೆಳಗಾಗಿ ಸಡಿಲಾಗಿ ಕಟ್ಟಿ ನೆರಳಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಬೂಸು ಬರುತ್ತೆ. ಗರಿಗರಿ ಒಣಗಿದಾಗ ಬಟ್ಟೆಯ ಮೇಲಿಂದಲೇ ತಿಕ್ಕಿ. ಒಂದೊಂದು ಹೂವಿನ ಬುಡದ ಪುಟ್ಟ ಬಟ್ಟಲಲ್ಲೂ ನಾಲ್ಕು ನಾಲ್ಕು ಸಣ್ಣ ಕಂದು ಬೀಜ ಇರುತ್ತವೆ. ಮೊರಕ್ಕೆ ಸುರಿದು ಹೊಟ್ಟನ್ನು ಬಾಯಿಂದ ಮೆಲ್ಲಗೆ ಊದಿ. ಜೋಳ ಕೇರಿದ ಹಾಗೆ ಕೇರಿದರೆ ಹೊಟ್ಟಿನ ಜೊತೆ ಬೀಜವೂ ಹೋಗುತ್ತೆ. ಮೆಣಸಿನಕಾಯಿ ಕೇರಿದ ಮೊರ ತಂದೀರಿ, ಕಣ್ಣು ಉರಿಯುತ್ತೆ.

ಕಾರ್ತಿಕದ ಹೊತ್ತಿಗೆ ಬಿತ್ತಿದರೆ ಶಿವರಾತ್ರಿಗೆ ಹೂ ಕಾಣಬಹುದು. ಕುಂಡಕ್ಕೆ ಬರೀ ಎರೆಮಣ್ಣು ಬೇಡ, ನೀರು ಕಟ್ಟಿಕೊಳ್ಳುತ್ತೆ. ಕೆಂಪುಮಣ್ಣಿಗೆ ಕೈಗೆ ಒರಟಾಗಿ ತಗಲುವಷ್ಟು ಮರಳು ಬೆರೆಸಿ. ಬೀಜಕ್ಕೂ ಒಂದಿಷ್ಟು ಮರಳು ಸೇರಿಸಿ ಎರಚಿ, ಅಂಗೈಯಿಂದ ತಟ್ಟಿ. ಹೂಳಬೇಡಿ. ಮೊಳಕೆ ಬರೋವರೆಗೆ ನೀರು ಚಿಮುಕಿಸಬೇಕು, ಸುರಿಯಬಾರದು. ಬಿಸಿಲಲ್ಲಿಡಿ. ಗೊಬ್ಬರ ಜಾಸ್ತಿ ಹಾಕಿದರೆ ಬರೀ ಸೊಪ್ಪು.

ಪೂಜೆಗೆ ಇಡೀ ಗಂಟನ್ನೇ ಮುರಿಯುತ್ತಾರಲ್ಲ, ಅದು ಕಂಡರೆ ನನಗೆ ಮೈ ಉರಿಯುತ್ತದೆ. ಉಗುರಿನಿಂದ ಬಿಳಿ ಹೂವನ್ನಷ್ಟೇ ಮೇಲಕ್ಕೆ ಎಳೆಯಿರಿ, ಸಲೀಸಾಗಿ ಬರುತ್ತದೆ. ಗಂಟು ಉಳಿದರೆ ಅದರಲ್ಲೇ ಮತ್ತೆ ಮೊಗ್ಗು ಬಿರಿಯುತ್ತವೆ. ಕಿತ್ತ ಹೂವನ್ನು ತೊಳೆಯಬೇಡಿ, ಮುದ್ದೆಯಾಗುತ್ತೆ. ಒದ್ದೆ ಬಟ್ಟೆ ಹಾಸಿದ ಬಟ್ಟಲಲ್ಲಿ ಹಗುರಾಗಿ ಹರವಿ.

ಒಂದೆರಡು ಗಿಡದ ಬೀಜ ಅಲ್ಲೇ ಉದುರಲು ಬಿಡಿ, ಮುಂದಿನ ಮಳೆಗೆ ತಾನಾಗೇ ಬರುತ್ತೆ. ಅಂಗಳ ಗುಡಿಸುವ ಸೊಸೆಗೆ ಮಾತ್ರ ಮೊದಲೇ ಹೇಳಿಡಿ, ಕಳೆ ಅಂತ ಕಿತ್ತು ಬಿಸಾಡಿಬಿಟ್ಟಾಳು.